ಫೆಸೆಂಟ್ ಅಡುಗೆ: ಇಂಗ್ಲೆಂಡಿನ ಕಾಡುಹಕ್ಕಿಯನ್ನು ಕಡಿಮೆ ಖರ್ಚಿನಲ್ಲಿ ಕನ್ನಡದ ಒಲೆಗೆ ತರುವುದು ಹೇಗೆ

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಹಳ್ಳಿ ಕಡೆಯ ಮಾಂಸದಂಗಡಿಗಳಲ್ಲಿ ಉದ್ದ ಬಾಲದ ಹಕ್ಕಿಗಳು ಜೋಡಿ ಜೋಡಿಯಾಗಿ ತೂಗುತ್ತವೆ. ಅದೇ ಫೆಸೆಂಟ್. ಇಲ್ಲಿ ವರ್ಷಗಳಿಂದ ಇರುವ ನಮ್ಮವರಲ್ಲೂ ಹೆಚ್ಚಿನವರು ಅದನ್ನು ನೋಡಿ ಮುಂದೆ ಹೋಗುತ್ತಾರೆ. ಅದು ದೊಡ್ಡ ಮನೆತನದವರ ಊಟ, ತುಂಬಾ ದುಬಾರಿ, ಮಾಡೋದು ಕಷ್ಟ ಅನ್ನುವ ಭಾವನೆ. ಈ ಮೂರರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಹೊಲದಲ್ಲಿ ಓಡಾಡಿ ಬೆಳೆದ ಈ ಹಕ್ಕಿಯ ಮಾಂಸ ಬ್ರಾಯ್ಲರ್ ಕೋಳಿಗಿಂತ ನಮ್ಮ ನಾಟಿ ಕೋಳಿಗೆ ಹತ್ತಿರ. ಅದನ್ನು ಬೇಯಿಸುವ ವಿದ್ಯೆ ನಮ್ಮ ಅಡುಗೆಮನೆಗಳಲ್ಲಿ ಆಗಲೇ ಇದೆ.

ಈ ಮಾರ್ಗದರ್ಶಿ ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ. ಊರಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕಾಡುಕೋಳಿ, ಕೌಜುಗ, ನವಿಲು ಇವನ್ನೆಲ್ಲ ಬೇಟೆಯಾಡುವುದು ಅಪರಾಧ. ಅದು ಹಾಗೇ ಇರಬೇಕು. ನಿಮಗೆ ಈ ಅಡುಗೆಗಳನ್ನು ಮಾಡಿ ನೋಡುವ ಆಸೆಯಿದ್ದರೆ ಫಾರಂನಲ್ಲಿ ಸಾಕಿದ ಕ್ವೇಲ್ ಅಥವಾ ಒಳ್ಳೆಯ ನಾಟಿ ಕೋಳಿ ತನ್ನಿ. ಬ್ರಿಟನ್ನಿನ ಕಥೆ ಬೇರೆ. ಇಲ್ಲಿ ಫೆಸೆಂಟ್ ಮರಿಗಳನ್ನು ಗೂಡುಗಳಲ್ಲಿ ಬೆಳೆಸಿ, ಬೇಸಿಗೆಯಲ್ಲಿ ಕೋಟಿಗಳ ಲೆಕ್ಕದಲ್ಲಿ ಹೊಲ ಮತ್ತು ಕುರುಚಲು ಕಾಡಿಗೆ ಬಿಡುತ್ತಾರೆ. ಆ ಹಕ್ಕಿಯ ಮೂಲವೂ ಏಷ್ಯಾ. ಪೂರ್ತಿ ಕಾಡಿನದೂ ಅಲ್ಲ, ಪೂರ್ತಿ ಸಾಕಿದ್ದೂ ಅಲ್ಲ ಎನ್ನುವುದು ಸರಿಯಾದ ಮಾತು.

ಬೆಲೆ ಯಾಕೆ ಕಡಿಮೆ?

ಇದು ಅರ್ಥವಾದರೆ ಯಾವಾಗ, ಎಲ್ಲಿ ಕೊಳ್ಳಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

ಇಲ್ಲಿನ ದೊಡ್ಡ ಎಸ್ಟೇಟುಗಳಲ್ಲಿ ಶೂಟಿಂಗ್ ಒಂದು ವ್ಯಾಪಾರ. ಸಾಲಾಗಿ ಜನ ನಿಂತು ಪೊದೆಗಳಿಂದ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಬಂದೂಕು ಹಿಡಿದವರು ಆ ದಿನದ ಅನುಭವಕ್ಕೆ ದುಡ್ಡು ಕೊಟ್ಟಿರುತ್ತಾರೆ. ಬೀಳುವ ಪ್ರತಿ ಹಕ್ಕಿಯ ಲೆಕ್ಕ ಹಾಕಿದರೆ 40 ಪೌಂಡ್ ಆಚೀಚೆ ಆಗುವುದು ಸಾಮಾನ್ಯ. ದಿನದ ಕೊನೆಗೆ ಅವರು ಮನೆಗೆ ಒಯ್ಯುವುದು ಒಂದು ಜೋಡಿ. ಮಿಕ್ಕ ನೂರಾರು ಹಕ್ಕಿ ವ್ಯಾಪಾರಿಗಳ ಪಾಲು. ಮಾಂಸದ ಖರ್ಚನ್ನು ಬೇರೆ ಯಾರೋ ಆಗಲೇ ಕೊಟ್ಟಾಗಿದೆ. ಕೊಳ್ಳುವವರು ಮಾತ್ರ ಕಡಿಮೆ. ಅದಕ್ಕೇ ಹೊಡೆಯಲು ದುಬಾರಿಯಾದ ಹಕ್ಕಿ ತಿನ್ನಲು ಅಗ್ಗ.

ಬೇಟೆಗಾಗಿ ಹಕ್ಕಿ ಬೆಳೆಸುವುದು ಸರಿಯೇ ಅನ್ನುವ ಚರ್ಚೆ ಇಲ್ಲಿ ಜೋರಾಗಿದೆ, ಆಗಲೂ ಬೇಕು. ಆದರೆ ಹೊಡೆದ ಹಕ್ಕಿ ಯಾರ ತಟ್ಟೆಗೂ ಹೋಗದೆ ಹಾಳಾಗುವುದು ಯಾವ ಲೆಕ್ಕದಲ್ಲೂ ಸರಿಯಲ್ಲ ಎಂದು ನಾನು ನಂಬಿದ್ದೇನೆ.

ಒಂದು ಮಾತು ಸ್ಪಷ್ಟವಾಗಿರಲಿ. ಸೂಪರ್ ಮಾರ್ಕೆಟ್ಟಿನ ಅತಿ ಅಗ್ಗದ ಕೋಳಿಯ ಬೆಲೆಗೆ ಫೆಸೆಂಟ್ ಸಿಗುವುದು ಅಪರೂಪ. ಹೊರಗೆ ಓಡಾಡಿ ಬೆಳೆದ ಒಳ್ಳೆಯ ಕೋಳಿಯ ಜೊತೆ ಹೋಲಿಸಿ ನೋಡಿ, ಆಗ ಫೆಸೆಂಟ್ ಗೆಲ್ಲುತ್ತದೆ. ಅದೂ ಇಡೀ ಹಕ್ಕಿಯನ್ನು ಬಳಸಿದರೆ ಮಾತ್ರ. ಎದೆ ಮಾಂಸ ತೆಗೆದು ಉಳಿದದ್ದನ್ನು ಬಿಸಾಡಿದರೆ ಅದು ಅಗ್ಗದ ಊಟ ಆಗುವುದೇ ಇಲ್ಲ.

ಯಾವ ಹಕ್ಕಿ, ಯಾವ ತಿಂಗಳು

ಫೆಸೆಂಟ್ ಹೊಡೆಯುವ ಕಾಲ ಅಕ್ಟೋಬರ್ 1ರಿಂದ ಫೆಬ್ರವರಿ 1. ಮೊದಲ ವಾರಗಳಲ್ಲಿ ಬೆಲೆ ಜಾಸ್ತಿ. ನವೆಂಬರ್ ಮಧ್ಯದಿಂದ ಹಕ್ಕಿ ರಾಶಿ ರಾಶಿ ಬರುತ್ತದೆ, ಬೆಲೆ ಇಳಿಯುತ್ತದೆ. ಕ್ರಿಸ್‌ಮಸ್ ವಾರ ಬಿಟ್ಟುಬಿಡಿ. ಜನವರಿ ಕೊಳ್ಳಲು ಒಳ್ಳೆಯ ತಿಂಗಳು. ಹೆಣ್ಣು ಹಕ್ಕಿ ಶುಚಿ ಮಾಡಿದ ಮೇಲೆ 700ರಿಂದ 800 ಗ್ರಾಂ ತೂಗುತ್ತದೆ. ಗಂಡು ಒಂದು ಕಿಲೋ ಹತ್ತಿರ ಬರುತ್ತದೆ. ಹೆಣ್ಣಿನ ಮಾಂಸ ಮೃದು, ಕೊಬ್ಬು ಸ್ವಲ್ಪ ಜಾಸ್ತಿ. ಸಾರಿಗೆ ಗಂಡು, ಹುರಿಯಲು ಹೆಣ್ಣು. ಜೋಡಿ ಕೊಂಡರೆ ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು ಕೊಡುತ್ತಾರೆ. ನಮಗೆ ಅನುಕೂಲವೇ.

ಪಾರ್ಟ್ರಿಜ್ ನಮ್ಮ ಕೌಜುಗದ ಸಂಬಂಧಿ. ಕಾಲ ಸೆಪ್ಟೆಂಬರ್ 1ರಿಂದ ಫೆಬ್ರವರಿ 1. ಒಬ್ಬರಿಗೆ ಒಂದು ಹಕ್ಕಿ ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಕೆಂಪು ಕಾಲಿನ ಜಾತಿ. ಬೂದು ಪಾರ್ಟ್ರಿಜ್ ಇಲ್ಲಿನ ಮೂಲ ಹಕ್ಕಿ, ಅದರ ಸಂಖ್ಯೆ ತುಂಬಾ ಕುಸಿದಿದೆ. ನಾನು ಅದನ್ನು ಕೊಳ್ಳುವುದಿಲ್ಲ. ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿಯನ್ನೂ ಬಿಟ್ಟುಬಿಡಿ. ಅದೂ ಇಲ್ಲಿನ ಕೆಂಪು ಪಟ್ಟಿಯಲ್ಲಿದೆ, ಅಂದರೆ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ.

ಕಾಡುಪಾರಿವಾಳ, ಅಂದರೆ ವುಡ್ ಪಿಜನ್, ರೈತರ ಬೆಳೆ ತಿನ್ನುವ ಹಕ್ಕಿ. ಬೆಳೆ ಉಳಿಸಲು ಪರವಾನಗಿಯ ನಿಯಮದ ಪ್ರಕಾರ ಹೊಡೆಯುತ್ತಾರೆ. ಹಾಗಾಗಿ ವರ್ಷವಿಡೀ ಸಿಗುತ್ತದೆ. ಮಾಂಸ ಕಡುಗೆಂಪು, ರುಚಿ ಲಿವರ್ ಕಡೆಗೆ ವಾಲುತ್ತದೆ. ಕುರಿಮಾಂಸ ಇಷ್ಟಪಡುವವರಿಗೆ ಹಿಡಿಸುತ್ತದೆ. ಗ್ರೌಸ್ ಎಂಬ ಇನ್ನೊಂದು ಬೇಟೆಹಕ್ಕಿಯ ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ. ಅದು ನಿಜವಾಗಿಯೂ ದುಬಾರಿ, ಮಸಾಲೆ ಹಾಕಿ ಅದರ ರುಚಿ ಮುಚ್ಚುವುದೂ ದಂಡ. ಕೈಬಿಡೋಣ.

ಮೊದಲ ಸಲ ಮಾಡುವವರು ಒಂದು ಜೋಡಿ ಫೆಸೆಂಟ್‌ನಿಂದ ಶುರುಮಾಡಿ.

ಎಲ್ಲಿ ಕೊಳ್ಳೋದು, ಏನು ಕೇಳೋದು

ಊರಿನ ಹಳೆಯ ಮಾಂಸದಂಗಡಿ, ವಾರದ ರೈತರ ಸಂತೆ, ಬೇಟೆ ಮಾಂಸದ ವ್ಯಾಪಾರಿ, ಹೀಗೆ ಮೂರು ದಾರಿ. ವೇಟ್‌ರೋಸ್‌ನಂಥ ಸೂಪರ್ ಮಾರ್ಕೆಟ್‌ಗಳಲ್ಲೂ ಸೀಸನ್ನಿನಲ್ಲಿ ಸಿಗುತ್ತದೆ. ಲಂಡನ್ನಿನವರಿಗೆ ‘ಬರೋ ಮಾರ್ಕೆಟ್’ ಎಂಬ ಆಹಾರದ ಸಂತೆ ಇದೆ, ಆದರೆ ಅಲ್ಲಿ ಲಂಡನ್ ಬೆಲೆ. ನಿಮ್ಮ ಆಫೀಸಿನಲ್ಲೋ ನೆರೆಯಲ್ಲೋ ಹಳ್ಳಿ ಕಡೆಯವರು ಯಾರಾದರೂ ಇದ್ದರೆ ಕೇಳಿ ನೋಡಿ. ಶೂಟಿಂಗ್‌ಗೆ ಹಕ್ಕಿ ಎಬ್ಬಿಸಲು ಹೋಗುವವರಿಗೂ ದಿನದ ಕೊನೆಗೆ ಹಕ್ಕಿ ಕೊಡುವ ಪದ್ಧತಿ ಇದೆ. ಜನವರಿ ಹೊತ್ತಿಗೆ ಅವರ ಫ್ರೀಜರ್ ತುಂಬಿರುತ್ತದೆ. ಸುಮ್ನೆ ಕೊಟ್ಟುಬಿಡುವವರೂ ಇದ್ದಾರೆ.

ಹಕ್ಕಿ ಎರಡು ರೀತಿ ಸಿಗುತ್ತದೆ. ಪುಕ್ಕ ಸಮೇತ ಇದ್ದರೆ ಬೆಲೆ ತೀರಾ ಕಡಿಮೆ. ಶುಚಿ ಮಾಡಿದ್ದಕ್ಕೆ ಜಾಸ್ತಿ. ಇಲ್ಲಿ ನಮಗೊಂದು ಲಾಭ ಇದೆ. ಇಂಗ್ಲಿಷರು ಇಡೀ ಹಕ್ಕಿಯನ್ನು ಓವನ್‌ನಲ್ಲಿ ಇಡುವುದರಿಂದ ಅವರಿಗೆ ಚರ್ಮ ಬೇಕು. ಚರ್ಮ ಹರಿಯದಂತೆ ಪುಕ್ಕ ಕೀಳುವುದು ನಿಧಾನದ ಕೆಲಸ, ಅಂಗಡಿಯವರು ಅದಕ್ಕೇ ಕೂಲಿ ಹಾಕುತ್ತಾರೆ. ನಾವು ತುಂಡು ಮಾಡಿ ಸಾರು ಮಾಡುವವರು, ಚರ್ಮ ಇಲ್ಲದಿದ್ದರೂ ನಡೆಯುತ್ತದೆ. ಪುಕ್ಕದ ಜೊತೆಗೇ ಚರ್ಮ ಸುಲಿದುಬಿಟ್ಟರೆ ಆ ಕೂಲಿ ಉಳಿಯಿತು.

ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಯಾವತ್ತು ಹೊಡೆದದ್ದು? ಎಲ್ಲಿ, ಹೇಗೆ ಇಟ್ಟಿದ್ದಿರಿ? ಸೀಸದ ಗುಂಡೋ, ಉಕ್ಕಿನದೋ? ಮೂರನೆಯದು ಬಹಳ ಮುಖ್ಯ. ಅದರ ಬಗ್ಗೆ ಈಗಲೇ ಹೇಳುತ್ತೇನೆ.

ಗಂಡು ಹಕ್ಕಿಯ ವಯಸ್ಸು ತಿಳಿಯಲು ಕಾಲಿನ ಹಿಂದಿನ ಮುಳ್ಳು ನೋಡಿ. ಚಿಕ್ಕದಾಗಿ ಮೊಂಡಾಗಿದ್ದರೆ ಎಳೆಯದು. ಉದ್ದವಾಗಿ ಚೂಪಾಗಿದ್ದರೆ ಬಲಿತದ್ದು. ಎದೆಯ ಭಾಗ ಒತ್ತಿ ನೋಡಿ, ತುಂಬಿಕೊಂಡಿರಬೇಕು. ಗುಂಡು ಬಿದ್ದು ಎದೆಯೆಲ್ಲ ಛಿದ್ರವಾಗಿರುವ ಹಕ್ಕಿ ಬೇಡ. ಹಸಿರು ಬಣ್ಣ ತಿರುಗಿದ್ದು, ಕೊಳೆತ ವಾಸನೆ ಬರುವುದು ಬೇಡವೇ ಬೇಡ. ರಸ್ತೆ ಬದಿಯಲ್ಲಿ ಸತ್ತು ಬಿದ್ದ ಹಕ್ಕಿಯನ್ನು ಮುಟ್ಟಬೇಡಿ. ಹಕ್ಕಿಜ್ವರದ ಕಾಲ ಇದು.

ಸೀಸದ ಚರೆಗುಂಡು: ಇದನ್ನು ದಾಟಿ ಹೋಗಬೇಡಿ

ಫೆಸೆಂಟನ್ನು ಹೊಡೆಯುವುದು ಸಣ್ಣ ಸಣ್ಣ ಚರೆಗುಂಡುಗಳಿಂದ. ಹಳೆಯ ಪದ್ಧತಿಯಲ್ಲಿ ಅವು ಸೀಸದವು. ಇಂಗ್ಲೆಂಡಿನಲ್ಲಿ ನೀರುಹಕ್ಕಿಗಳಿಗೆ ಸೀಸದ ಗುಂಡು ಬಳಸುವುದನ್ನು 1999ರಲ್ಲೇ ನಿಷೇಧಿಸಿದರು. ಫೆಸೆಂಟ್‌ಗೆ ಮಾತ್ರ ಹಾಗೇ ಉಳಿಯಿತು. 2020ರಲ್ಲಿ ಶೂಟಿಂಗ್ ಸಂಸ್ಥೆಗಳೇ ಐದು ವರ್ಷದಲ್ಲಿ ಸೀಸ ಬಿಡುತ್ತೇವೆ ಎಂದು ಹೇಳಿದವು. 2025ರಲ್ಲಿ ಸರ್ಕಾರ ನಿರ್ಬಂಧವನ್ನು ಪ್ರಕಟಿಸಿತು, ಆದರೆ ಬದಲಾಗಲು ಕಾಲಾವಕಾಶ ಕೊಟ್ಟಿದೆ. ಅಂದರೆ ಈಗಲೂ ಅಂಗಡಿಯ ಹಕ್ಕಿಯಲ್ಲಿ ಸೀಸ ಇರಬಹುದು.

ಚರೆ ಹೆಕ್ಕಿ ತೆಗೆದರೆ ಮುಗಿಯಿತು ಅನ್ನುವ ಹಾಗಿಲ್ಲ. ಸೀಸ ಮೆದು ಲೋಹ. ಮೂಳೆಗೆ ಬಡಿದಾಗ ಕಣ್ಣಿಗೆ ಕಾಣದ ಚೂರುಗಳಾಗಿ ಮಾಂಸದೊಳಗೆ ಹರಡುತ್ತದೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ಗರ್ಭಿಣಿಯಾಗಲು ಬಯಸುತ್ತಿರುವವರು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದು. ಇಂಥವರು ಅದನ್ನು ಕಡಿಮೆ ಮಾಡುವುದು ಬಹಳ ಮುಖ್ಯ ಎಂದು ಇಲ್ಲಿನ ಆಹಾರ ಸುರಕ್ಷತಾ ಸಂಸ್ಥೆಯೇ ಹೇಳುತ್ತದೆ. ಮನೆಯಲ್ಲಿ ಇಂಥವರು ಇದ್ದರೆ ಸೀಸವಿಲ್ಲದ್ದು ಎಂದು ಖಚಿತವಾಗಿ ಹೇಳುವ ಅಂಗಡಿಯಿಂದ ಮಾತ್ರ ಕೊಳ್ಳಿ. ಖಚಿತವಿಲ್ಲದಿದ್ದರೆ ಆ ದಿನ ಕೋಳಿಯೇ ಸಾಕು.

ನಮ್ಮ ಅಡುಗೆಗೆ ಸಂಬಂಧಿಸಿದ ಇನ್ನೊಂದು ವಿಷಯ ಇದೆ. ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹುಳಿಯಲ್ಲಿ ಸೀಸ ಕರಗುತ್ತದೆ. ಹುಣಸೆ, ಮೊಸರು, ಟೊಮೆಟೊ, ವಿನೆಗರ್, ಕೊಡಗಿನ ಕಾಚಂಪುಳಿ ಎಲ್ಲವೂ ಹುಳಿಯೇ. ಚರೆ ಉಳಿದ ಮಾಂಸವನ್ನು ರಾತ್ರಿಯಿಡೀ ಮೊಸರಿನಲ್ಲಿ ನೆನೆಸಿದರೆ ಅಥವಾ ಹುಣಸೆಹುಳಿಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ. ಹಾಗಾಗಿ ನಿಯಮ ಇಷ್ಟು: ಮೊದಲು ಚರೆ ತೆಗೆಯಿರಿ, ಗಾಯದ ಸುತ್ತಲಿನ ಮಾಂಸ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಹುಳಿಯನ್ನು ಒಲೆ ಆರಿಸುವ ಹೊತ್ತಿಗೆ ಸೇರಿಸಿ. ಉಕ್ಕಿನ ಗುಂಡಾದರೆ ಈ ಚಿಂತೆ ಇಲ್ಲ, ಹಲ್ಲಿನ ಬಗ್ಗೆ ಮಾತ್ರ ಎಚ್ಚರ.

ಹಕ್ಕಿಯನ್ನು ಬಿಡಿಸುವುದು

ಪುಕ್ಕ ಸಮೇತ ತಂದಿದ್ದರೆ ಅದನ್ನು ಕೆಲವು ದಿನ ತಂಪಿನಲ್ಲಿ ಕತ್ತು ಕಟ್ಟಿ ನೇತುಹಾಕುವ ರೂಢಿ ಇಲ್ಲಿದೆ. ಮಾಂಸ ಮೃದುವಾಗುತ್ತದೆ, ಕಾಡಿನ ವಾಸನೆ ಗಾಢವಾಗುತ್ತದೆ. ಅದಕ್ಕೆ ನೊಣ ಬಾರದ, ಫ್ರಿಜ್ಜಿನಷ್ಟು ತಂಪಾದ ಜಾಗ ಬೇಕು. ಫ್ಲ್ಯಾಟ್‌ನಲ್ಲಿ ಇರುವವರಿಗೆ ಆಗದ ಕೆಲಸ. ಅಂಗಡಿಯವರು ಎರಡು ಮೂರು ದಿನ ತೂಗುಹಾಕಿರುತ್ತಾರೆ, ನಮಗೆ ಅಷ್ಟು ಸಾಕು.

ಚರ್ಮ ಸುಲಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಹಳೆ ಪೇಪರ್ ಹಾಸಿ, ಪಕ್ಕದಲ್ಲಿ ಕಸದ ಚೀಲ ಇಟ್ಟುಕೊಳ್ಳಿ. ಹಕ್ಕಿಯನ್ನು ಬೆನ್ನ ಮೇಲೆ ಮಲಗಿಸಿ. ಎದೆಮೂಳೆಯ ತುದಿಯ ಹತ್ತಿರ ಒಂದಿಷ್ಟು ಪುಕ್ಕ ಕಿತ್ತು ಚರ್ಮ ಕಾಣುವಂತೆ ಮಾಡಿ. ಆ ಚರ್ಮವನ್ನು ಬೆರಳಲ್ಲಿ ಎತ್ತಿ ಹಿಡಿದು ಕತ್ತರಿಯಿಂದ ಚಿಕ್ಕದಾಗಿ ಸೀಳಿ. ಎರಡೂ ಹೆಬ್ಬೆರಳು ಒಳಗೆ ಹಾಕಿ ಅತ್ತಿತ್ತ ಎಳೆದರೆ ಅಂಗಿ ಬಿಚ್ಚಿದ ಹಾಗೆ ಚರ್ಮ ಪುಕ್ಕದ ಸಮೇತ ಬಿಟ್ಟುಕೊಳ್ಳುತ್ತದೆ. ಕತ್ತಿನ ಬುಡದಲ್ಲಿ ಆಹಾರದ ಚೀಲ ಇರುತ್ತದೆ, ಒಳಗೆ ಗೋಧಿ ಅಥವಾ ಜೋಳದ ಕಾಳು ತುಂಬಿರಬಹುದು. ಒಡೆಯದಂತೆ ತೆಗೆಯಿರಿ. ರೆಕ್ಕೆಯನ್ನು ಮೊದಲ ಗಂಟಿನಲ್ಲೇ ಕತ್ತರಿಸಿ, ಅದರಲ್ಲಿ ಮಾಂಸ ಇರುವುದಿಲ್ಲ. ಪಾದ, ತಲೆ ತೆಗೆಯಿರಿ.

ಆಮೇಲೆ ಬಾಲದ ಕೆಳಗೆ ಸಣ್ಣದಾಗಿ ಸೀಳಿ, ಎರಡು ಬೆರಳು ಒಳಗೆ ಬಿಟ್ಟು, ಕರುಳನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಎಳೆಯಿರಿ. ಲಿವರಿಗೆ ಅಂಟಿಕೊಂಡ ಹಸಿರು ಪಿತ್ತಕೋಶ ಒಡೆಯಬಾರದು. ಒಡೆದರೆ ಆ ಜಾಗದ ಮಾಂಸ ಕಹಿಯಾಗುತ್ತದೆ, ಕತ್ತರಿಸಿ ಎಸೆಯಬೇಕು. ಪಾರಿವಾಳಕ್ಕೆ ಪಿತ್ತಕೋಶವೇ ಇಲ್ಲ, ಹಾಗಾಗಿ ಆ ಭಯವಿಲ್ಲ. ಹಕ್ಕಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ. ನೀರು ಚಿಮ್ಮಿದ ಕಡೆಯೆಲ್ಲ ಬ್ಯಾಕ್ಟೀರಿಯಾ ಹರಡುತ್ತದೆ. ಅಡುಗೆ ಪೇಪರಿನಿಂದ ಒಳಗೆ ಹೊರಗೆ ಒರೆಸಿದರೆ ಸಾಕು. ನಮ್ಮವರಿಗೆ ಮಾಂಸ ತೊಳೆಯದೆ ಮನಸ್ಸು ಒಪ್ಪುವುದಿಲ್ಲ, ನಿಜ. ತೊಳೆಯಲೇಬೇಕು ಅಂದರೆ ಪಾತ್ರೆಯಲ್ಲಿ ನೀರು ತೆಗೆದುಕೊಂಡು ಅದ್ದಿ ತೆಗೆಯಿರಿ, ಆಮೇಲೆ ಸಿಂಕು ಮತ್ತು ಕೈಗಳನ್ನು ಸೋಪಿನಿಂದ ಉಜ್ಜಿ.

ಈಗ ತುಂಡು ಮಾಡುವುದು. ಫೆಸೆಂಟಿನ ಎದೆ ಮತ್ತು ಕಾಲು ಎರಡು ಬೇರೆ ಬೇರೆ ಮಾಂಸ ಎಂದುಕೊಳ್ಳಿ. ಎದೆ ಬಿಳುಪು, ಕೊಬ್ಬೇ ಇಲ್ಲ, ಸ್ವಲ್ಪ ಹೆಚ್ಚು ಬೆಂದರೂ ಒಣಗಿ ನಾರಾಗುತ್ತದೆ. ಕಾಲು ಗಟ್ಟಿ, ದಿನವಿಡೀ ಓಡಿದ ಕಾಲು, ನಿಧಾನವಾಗಿ ಬೇಯಲೇಬೇಕು. ಎರಡನ್ನೂ ಒಂದೇ ಕುಕ್ಕರಿಗೆ ಹಾಕಿದರೆ ಒಂದು ಹಾಳಾಗುವುದು ಖಂಡಿತ. ಫೆಸೆಂಟ್ ರುಚಿಯಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಿಂದಿರುವುದು ಹೀಗೆ ಹಾಳಾದ ಎದೆ ಮಾಂಸವನ್ನೇ.

ತೊಡೆ ಮತ್ತು ದೇಹದ ನಡುವೆ ಚಾಕು ಇಟ್ಟು, ಕಾಲನ್ನು ಹೊರಗೆ ಬಾಗಿಸಿ, ಕೀಲು ಕಂಡ ಕಡೆ ಕತ್ತರಿಸಿ. ಎದೆಮೂಳೆಯ ಎರಡೂ ಪಕ್ಕ ಉದ್ದಕ್ಕೆ ಚಾಕು ಎಳೆದು, ಮೂಳೆಗೆ ಅಂಟಿಕೊಂಡೇ ಇಳಿಸಿದರೆ ಎದೆಯ ಎರಡು ತುಂಡು ಬರುತ್ತವೆ. ಉಳಿದ ಮೂಳೆಗೂಡನ್ನು ಎತ್ತಿಡಿ. ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿ. ಕಪ್ಪು ಚುಕ್ಕೆ, ರಕ್ತ ಹೆಪ್ಪುಗಟ್ಟಿದ ಜಾಗ ಇದ್ದರೆ ಅಲ್ಲಿ ಚರೆ ಇರುತ್ತದೆ. ಗುಂಡಿನ ಜೊತೆ ಪುಕ್ಕದ ಚೂರೂ ಒಳಗೆ ಹೋಗಿರುತ್ತದೆ. ಚಾಕುವಿನ ತುದಿಯಿಂದ ಎರಡನ್ನೂ ತೆಗೆಯಿರಿ.

ಎದೆ ಮಾಂಸಕ್ಕೆ ಉಪ್ಪುನೀರಿನ ಉಪಚಾರ ಮಾಡಿದರೆ ಬಹಳ ವ್ಯತ್ಯಾಸವಾಗುತ್ತದೆ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಎದೆ ತುಂಡುಗಳನ್ನು ಮುಳುಗಿಸಿ, ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ಆಮೇಲೆ ತೆಗೆದು ಒರೆಸಿ. ಮಾಂಸ ನೀರು ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಮಸಾಲೆಗೆ ಹಾಕುವ ಉಪ್ಪನ್ನು ಆಗ ಅರ್ಧಕ್ಕೆ ಇಳಿಸಿ.

ಕಾಲಿನ ಸಾರು, ಮುದ್ದೆಗೆ

ಎರಡು ಹಕ್ಕಿಯ ನಾಲ್ಕು ಕಾಲು, ಕತ್ತು ಇಷ್ಟರಲ್ಲಿ ನಾಲ್ಕು ಜನರಿಗೆ ಸಾರು ಆಗುತ್ತದೆ. ತೊಡೆ ಬೇರೆ, ಕೆಳಗಾಲು ಬೇರೆ ಮಾಡಿ. ಕೆಳಗಾಲಿನ ನರಗಳು ಮೂಳೆಯಷ್ಟೇ ಗಟ್ಟಿ, ಸೂಜಿಯ ಹಾಗೆ ಚೂಪು. ಹಸಿಯಾಗಿದ್ದಾಗ ಎಳೆದು ತೆಗೆಯುವುದು ಕಷ್ಟ. ಬೆಂದ ಮೇಲೆ ಸುಲಭವಾಗಿ ಬರುತ್ತವೆ.

ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ 8 ಬ್ಯಾಡಗಿ ಮೆಣಸಿನಕಾಯಿ, 2 ಗುಂಟೂರು ಮೆಣಸಿನಕಾಯಿ, 2 ದೊಡ್ಡ ಚಮಚ ಧನಿಯಾ, 1 ಚಿಕ್ಕ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಒಂದಿಂಚು ಚಕ್ಕೆ, 4 ಲವಂಗ ಇವನ್ನು ಘಮ್ಮೆನ್ನುವವರೆಗೆ ಹುರಿಯಿರಿ. ಕೊನೆಗೆ 1 ಚಮಚ ಗಸಗಸೆ ಹಾಕಿ ಇಳಿಸಿ. ಅದೇ ಬಾಣಲೆಯಲ್ಲಿ ಒಂದು ದೊಡ್ಡ ಈರುಳ್ಳಿ, 8 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಕೆಂಪಗಾಗುವವರೆಗೆ ಬಾಡಿಸಿ. ಎಲ್ಲವನ್ನೂ ಅರ್ಧ ಬಟ್ಟಲು ಕಾಯಿತುರಿ, 1 ದೊಡ್ಡ ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ. ಫ್ರೋಜನ್ ಕಾಯಿತುರಿ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ, ಅದೇ ಸಾಕು.

ಕುಕ್ಕರಿನಲ್ಲಿ 3 ದೊಡ್ಡ ಚಮಚ ಎಣ್ಣೆ. ಎಣ್ಣೆ ಕಡಿಮೆ ಮಾಡಬೇಡಿ. ಹಕ್ಕಿಯಲ್ಲಿ ತನ್ನದೇ ಕೊಬ್ಬು ಇಲ್ಲದ್ದರಿಂದ ಸಾರು ತೆಳ್ಳಗೆ, ಸಪ್ಪೆ ಅನ್ನಿಸುತ್ತದೆ. ಒಂದು ಹೆಚ್ಚಿದ ಈರುಳ್ಳಿ, ಅರಿಸಿನ, ಉಪ್ಪು ಹಾಕಿ ಬಾಡಿಸಿ, ಕಾಲು ತುಂಡುಗಳನ್ನು ಹಾಕಿ ಬಣ್ಣ ತಿರುಗುವವರೆಗೆ ಹುರಿಯಿರಿ. ಮುಳುಗುವಷ್ಟು ನೀರು ಹಾಕಿ ಮುಚ್ಚಿ. ಎಳೆಯ ಹಕ್ಕಿಗೆ 5 ಅಥವಾ 6 ವಿಸಲ್, ಬಲಿತ ಗಂಡಿಗೆ 8ರಿಂದ 10. ಪ್ರೆಶರ್ ಇಳಿದ ಮೇಲೆ ಒಂದು ತುಂಡು ತೆಗೆದು ಚಿವುಟಿ ನೋಡಿ. ಮೂಳೆ ಬಿಡದಿದ್ದರೆ ಮತ್ತೆ ಎರಡು ವಿಸಲ್ ಕೂಗಿಸಿ. ಕೆಳಗಾಲಿನ ತುಂಡುಗಳನ್ನು ತಟ್ಟೆಗೆ ತೆಗೆದು, ನರಗಳನ್ನು ಎಳೆದು ಬಿಸಾಡಿ, ಮಾಂಸವನ್ನು ವಾಪಸ್ ಹಾಕಿ. ಆಮೇಲೆ ಮಸಾಲೆ ಸೇರಿಸಿ ಹತ್ತು ಹನ್ನೆರಡು ನಿಮಿಷ ಮುಚ್ಚದೆ ಕುದಿಸಿ. ಟೊಮೆಟೊ ಬೇಡ. ಊಟದ ಹೊತ್ತಿಗೆ ತಟ್ಟೆಯಲ್ಲೇ ನಿಂಬೆಹಣ್ಣು ಹಿಂಡಿಕೊಳ್ಳಿ.

ರಾಗಿ ಹಿಟ್ಟು ಈಗ ಬ್ರಿಟನ್ನಿನ ಬಹುತೇಕ ಊರುಗಳ ದಕ್ಷಿಣ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಈ ಸಾರಿಗೆ ಮುದ್ದೆ ಬಿಟ್ಟರೆ ಬೇರೇನೂ ಅಷ್ಟು ಒಪ್ಪುವುದಿಲ್ಲ. ಮಾರನೆಯ ದಿನ ಇದರ ರುಚಿ ಇನ್ನೂ ಹೆಚ್ಚು.

ಎದೆಯ ಮೆಣಸಿನ ಹುರಿದದ್ದು

ಇಲ್ಲಿ ಕೊಡಗಿನ ದಾರಿ ಹಿಡಿಯೋಣ. ಕಾಡು ಮಾಂಸಕ್ಕೆ ಯಾವ ಮಸಾಲೆ ಒಗ್ಗುತ್ತದೆ ಅನ್ನುವುದು ಆ ಸೀಮೆಯ ಅಡುಗೆಗೆ ಹಳೆಯ ಕಾಲದಿಂದ ಗೊತ್ತು. 1 ದೊಡ್ಡ ಚಮಚ ಕಾಳುಮೆಣಸು, 1 ದೊಡ್ಡ ಚಮಚ ಧನಿಯಾ, 1 ಚಿಕ್ಕ ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ನಾಲ್ಕೈದು ಮೆಂತ್ಯ ಕಾಳು. ಎಲ್ಲವನ್ನೂ ಎಣ್ಣೆಯಿಲ್ಲದೆ ಕಡುಕಂದು ಬಣ್ಣಕ್ಕೆ ಬರುವ ತನಕ ಹುರಿದು ಪುಡಿ ಮಾಡಿ. ಕರಟಬಾರದು, ಆದರೆ ಹಸಿ ವಾಸನೆಯೂ ಉಳಿಯಬಾರದು.

ಎರಡು ಹಕ್ಕಿಯ ನಾಲ್ಕು ಎದೆ ತುಂಡು ಒಟ್ಟು ಅರ್ಧ ಕಿಲೋ ಆಸುಪಾಸು ಇರುತ್ತದೆ. ನಾರಿಗೆ ಅಡ್ಡಲಾಗಿ ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ. ಅರಿಸಿನ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಒಂದು ಚಮಚ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ.

ಅಗಲವಾದ ಬಾಣಲೆಯಲ್ಲಿ 3 ದೊಡ್ಡ ಚಮಚ ಎಣ್ಣೆ ಕಾಯಿಸಿ ಎರಡು ಈರುಳ್ಳಿ, ಸೀಳಿದ 3 ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಚೆನ್ನಾಗಿ ಕಂದು ಮಾಡಿ. ಈರುಳ್ಳಿ ಪೂರ್ತಿ ತಯಾರಾದ ಮೇಲೆಯೇ ಮಾಂಸ ಹಾಕಬೇಕು. ಉರಿ ಜೋರು ಮಾಡಿ, ಮಾಂಸವನ್ನು ಒಂದೇ ಪದರವಾಗಿ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಿ. ತಿರುವಿ ಹಾಕಿ, ಪುಡಿ ಉದುರಿಸಿ, ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಮತ್ತೆ ಮೂರು ನಿಮಿಷ. ದಪ್ಪ ತುಂಡೊಂದನ್ನು ಸೀಳಿ ನೋಡಿ. ಒಳಗೆ ಹಸಿ ಬಣ್ಣ ಹೋಗಿದ್ದು ರಸ ಇನ್ನೂ ಇದ್ದರೆ ಸರಿಯಾದ ಹದ. ಅಡುಗೆ ಥರ್ಮಾಮೀಟರ್ ಇದ್ದರೆ 75 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಒಲೆ ಆರಿಸಿ ಅರ್ಧ ಚಮಚ ಕಾಚಂಪುಳಿ ಹಾಕಿ ಕಲಸಿ. ಅದು ಇಲ್ಲದಿದ್ದರೆ ನಿಂಬೆರಸ. ಬಾಣಲೆಯಿಂದ ತಕ್ಷಣ ಬೇರೆ ಪಾತ್ರೆಗೆ ಹಾಕಿ, ಬಿಸಿ ಬಾಣಲೆಯಲ್ಲೇ ಬಿಟ್ಟರೆ ಅಲ್ಲೇ ಒಣಗಿಹೋಗುತ್ತದೆ. ಕಡುಬಿನ ಜೊತೆ, ಅಕ್ಕಿ ರೊಟ್ಟಿ ಜೊತೆ ಚೆನ್ನ.

ಪಾರ್ಟ್ರಿಜ್ ಮತ್ತು ಪಾರಿವಾಳ

ಪಾರ್ಟ್ರಿಜ್‌ಗೆ ಕುಂದಾಪುರದ ಘೀ ರೋಸ್ಟ್ ಬಹಳ ಹೊಂದುತ್ತದೆ, ಯಾಕೆಂದರೆ ಇಲ್ಲದ ಕೊಬ್ಬನ್ನು ತುಪ್ಪ ತುಂಬಿಕೊಡುತ್ತದೆ. ಆದರೆ ಅದರಲ್ಲಿ ಮೊಸರು, ಹುಣಸೆ ಎರಡೂ ಇವೆ. ಹಾಗಾಗಿ ಸೀಸವಿಲ್ಲದ ಹಕ್ಕಿಯಾದರೆ ಮಾತ್ರ ಇದನ್ನು ಮಾಡಿ. ಬೆನ್ನುಮೂಳೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಹಕ್ಕಿಯನ್ನು ಎರಡು ಹೋಳು ಮಾಡಿ, ಮೊಸರು, ಅರಿಸಿನ, ಉಪ್ಪಿನಲ್ಲಿ ಎರಡು ಗಂಟೆ ನೆನೆಸಿ. ನೀವು ಕೋಳಿಗೆ ಮಾಡುವ ಘೀ ರೋಸ್ಟ್ ಮಸಾಲೆಯೇ ಇದಕ್ಕೂ ಸರಿ. ತುಪ್ಪದಲ್ಲಿ ಹೋಳುಗಳನ್ನು ಎರಡೂ ಕಡೆ ಕೆಂಪು ಮಾಡಿ, ಮಸಾಲೆ ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಕೊನೆಗೆ ಮುಚ್ಚಳ ತೆಗೆದು ತುಪ್ಪ ಬಿಡುವವರೆಗೆ ಹುರಿಯಿರಿ.

ಪಾರಿವಾಳದಲ್ಲಿ ತಿನ್ನುವಂಥದ್ದು ಎದೆ ಮಾತ್ರ. ಒಬ್ಬರಿಗೆ ಎರಡು ಹಕ್ಕಿ ಬೇಕು. ಇಲ್ಲಿನವರು ಒಳಗೆ ಕೆಂಪು ಉಳಿಯುವಂತೆ ಬೇಯಿಸುತ್ತಾರೆ. ನಾನು ತೆಳ್ಳಗೆ ಕತ್ತರಿಸಿ ಸುಕ್ಕ ಮಾಡುತ್ತೇನೆ. ಕಾಯಿ, ಬೆಳ್ಳುಳ್ಳಿ, ಮೆಣಸಿನ ಒಣ ಮಸಾಲೆಯಲ್ಲಿ, ಜೋರು ಉರಿಯಲ್ಲಿ, ಒಳಗೆ ಬಣ್ಣ ಬದಲಾದ ಕೂಡಲೇ ಇಳಿಸಬೇಕು.

ಇಂಗ್ಲಿಷರ ಹಾಗೆ ಇಡೀ ಫೆಸೆಂಟ್ ರೋಸ್ಟ್ ಮಾಡುವ ಆಸೆಯಾದರೆ, ಚರ್ಮ ಇರುವ ಎಳೆಯ ಹೆಣ್ಣು ಹಕ್ಕಿ ತನ್ನಿ. ಚರ್ಮದ ಕೆಳಗೆ ಬೆಣ್ಣೆ ಸವರಿ, ಎದೆಯ ಮೇಲೆ ಬೇಕನ್ ಹೊದಿಸಿ, 190 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಇಟ್ಟು, ಹೊರಗೆ ತೆಗೆದು ಹತ್ತು ನಿಮಿಷ ಹಾಗೇ ಬಿಡಿ.

ಮೂಳೆಯಲ್ಲಿ ಉಳಿದ ದುಡ್ಡು

ಎರಡು ಮೂಳೆಗೂಡನ್ನು ಓವನ್‌ನಲ್ಲಿ ಕಂದು ಬಣ್ಣಕ್ಕೆ ಹುರಿದು ಕುಕ್ಕರಿಗೆ ಹಾಕಿ. ಒಂದು ಈರುಳ್ಳಿ, ಒಂದು ಕ್ಯಾರೆಟ್, ಹತ್ತು ಕಾಳುಮೆಣಸು, ಎರಡು ಲೀಟರ್ ನೀರು. ಹುಳಿ ಏನೂ ಬೇಡ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಯಾಕೆಂದರೆ ಸಣ್ಣ ಮೂಳೆಚೂರು ಜರಡಿಯಲ್ಲಿ ನಿಲ್ಲದಿರಬಹುದು. ಸೀಸದ ಗುಂಡೆಂದು ಗೊತ್ತಿದ್ದರೆ ಮೂಳೆಗೂಡಿನ ಕಟ್ಟು ಮಾಡಲೇಬೇಡಿ, ಅದರಲ್ಲಿ ಚರೆ ಹುಡುಕುವುದು ಆಗದ ಮಾತು. ಉಕ್ಕಿನದಾದರೆ ಈ ಕಟ್ಟಿಗೆ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಪುಡಿ, ತುಪ್ಪದ ಒಗ್ಗರಣೆ ಕೊಟ್ಟು ಬಿಸಿಬಿಸಿಯಾಗಿ ಕುಡಿಯಿರಿ. ಇಲ್ಲಿನ ಜನವರಿಯ ಶೀತಕ್ಕೆ ಒಳ್ಳೆಯದು. ಪುಲಾವ್‌ಗೆ ನೀರಿನ ಬದಲು ಇದನ್ನೇ ಹಾಕಬಹುದು.

ಈಗ ಲೆಕ್ಕ ನೋಡೋಣ. ಬೆಲೆ ಊರಿಂದ ಊರಿಗೆ ಬದಲಾಗುತ್ತದೆ. ಶುಚಿ ಮಾಡಿದ ಒಂದು ಜೋಡಿಗೆ 12 ಪೌಂಡ್ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಕಾಲಿನ ಸಾರು ನಾಲ್ಕು ಜನಕ್ಕೆ, ಎದೆಯ ಹುರಿದದ್ದು ನಾಲ್ಕು ಜನಕ್ಕೆ, ಒಟ್ಟು ಎಂಟು ತಟ್ಟೆ. ಮಾಂಸದ ಖರ್ಚು ತಟ್ಟೆಗೆ ಒಂದೂವರೆ ಪೌಂಡ್. ಅದರ ಮೇಲೆ ಒಂದೂವರೆ ಲೀಟರ್ ಕಟ್ಟು. ಅದೇ ಜೋಡಿ ಪುಕ್ಕ ಸಮೇತ 5 ಪೌಂಡಿಗೆ ಸಿಕ್ಕಿದರೆ ತಟ್ಟೆಗೆ 63 ಪೆನ್ಸ್ ಆಯಿತು. ಎದೆ ಮಾಂಸವನ್ನೇ ಪ್ಯಾಕೆಟ್ಟಿನಲ್ಲಿ ಕೊಂಡರೆ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ, ಕೆಲಸ ಕಡಿಮೆ, ಆದರೆ ಬೆಲೆ ಏರುತ್ತದೆ.

ಇಬ್ಬರೇ ಇರುವ ಮನೆಯಾದರೆ ಜನವರಿಯಲ್ಲಿ ನಾಲ್ಕಾರು ಹಕ್ಕಿ ಒಟ್ಟಿಗೆ ತಂದು, ಒಂದೇ ದಿನ ಕೂತು ಬಿಡಿಸಿ. ಎದೆ ಬೇರೆ, ಕಾಲು ಬೇರೆ ಪೊಟ್ಟಣ ಕಟ್ಟಿ, ಗಾಳಿ ಹೊರಗೆ ಒತ್ತಿ, ದಿನಾಂಕ ಮತ್ತು ಗುಂಡಿನ ಬಗೆ ಬರೆದು ಫ್ರೀಜರಿಗೆ ಹಾಕಿ. ಆರು ತಿಂಗಳು ಚೆನ್ನಾಗಿರುತ್ತದೆ. ಒಮ್ಮೆ ಹೆಪ್ಪುಗಟ್ಟಿಸಿದ ಹಕ್ಕಿಯನ್ನು ಅಂಗಡಿಯಿಂದ ತಂದಿದ್ದರೆ ಕರಗಿಸಿ ಮತ್ತೆ ಹಸಿಯಾಗಿಯೇ ಫ್ರೀಜ್ ಮಾಡಬೇಡಿ. ಸಾರು ಮಾಡಿ, ಆರಿಸಿ, ಸಾರನ್ನೇ ಫ್ರೀಜ್ ಮಾಡಿ. ಕರಗಿಸುವಾಗ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ, ಒಂದು ಪಾತ್ರೆಯೊಳಗೆ ಇಡಿ. ಸೀಸವಿಲ್ಲದ ಹಕ್ಕಿಯಾದರೆ, ಊಟಕ್ಕೆ ಕೂತಾಗ ಮಕ್ಕಳ ತಟ್ಟೆಗೆ ತೊಡೆಯ ಮಾಂಸವನ್ನು ಬಿಡಿಸಿ, ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿ ಹಾಕಿ. ದೊಡ್ಡವರಿಗೂ ಚರೆ ಇರಬಹುದು, ನಿಧಾನವಾಗಿ ಅಗಿಯಿರಿ ಎಂದು ಬಡಿಸುವ ಮೊದಲೇ ಹೇಳಿ.